ಪಾಪನಿವೇದನೆ

ಕಥೋಲಿಕ ಕ್ರೈಸ್ತರು ದೇವರ ಕ್ಷಮೆ ಪಡೆಯುವ ಸಂಸ್ಕಾರ. ಶಿವಮೊಗ್ಗ ಧರ್ಮಕ್ಷೇತ್ರದ ಚರ್ಚುಗಳಲ್ಲೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವೇ ಇದಕ್ಕೆ ಮುಖ್ಯ ಸಮಯ. ಜಾಲರಿಯ ಪಕ್ಕ ಮೊಣಕಾಲೂರಿ ತಪ್ಪೊಪ್ಪಿಕೊಂಡವರಿಗೆ ಗುರುಗಳು ಪ್ರಾಯಶ್ಚಿತ್ತ ವಿಧಿಸಿ, ಶಿಲುಬೆಯ ಗುರುತಿನೊಂದಿಗೆ ಪಾಪವಿಮೋಚನೆ ನೀಡುತ್ತಾರೆ. ಕೇಳಿದ್ದನ್ನು ಅವರು ಎಲ್ಲಿಯೂ ಬಾಯಿಬಿಡುವಂತಿಲ್ಲ. ತಪ್ಪೊಪ್ಪಿಕೊಂಡವರ ಪಾಲಿಗೆ ಅಷ್ಟಕ್ಕೇ ಮುಗಿಯಲಿಲ್ಲ: ಕದ್ದದ್ದನ್ನು ಮರಳಿಸಬೇಕು, ಇನ್ನೊಬ್ಬರ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು.

ಕ್ಷಮೆ ಪಡೆಯುವುದಕ್ಕಿಂತ ಇತರರಿಗೆ ಕ್ಷಮೆ ಕೊಡುವುದು ಇನ್ನೂ ಕಷ್ಟ. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಲೆಕ್ಕವನ್ನೇ ಮರೆಸುವ ಉತ್ತರ ಕೊಟ್ಟದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಚರ್ಚಿನ ಪೂಜೆಯಲ್ಲೂ ಪರಮಪ್ರಸಾದ ಸ್ವೀಕರಿಸುವ ಮೊದಲು ಅಕ್ಕಪಕ್ಕದವರತ್ತ ತಿರುಗಿ ಕೈಮುಗಿದು ಶಾಂತಿ ಕೋರುತ್ತಾರೆ. ಮಾತುಬಿಟ್ಟ ಅಣ್ಣತಮ್ಮಂದಿರಿಗೂ ಇದರಿಂದ ವಿನಾಯಿತಿ ಇಲ್ಲ.