ಬೋಲ್ಟು ಎಷ್ಟು ಬಿಗಿ? - ಟಾರ್ಕ್ ರೆಂಚಿನ ಪುಟ್ಟ ಇತಿಹಾಸ

ಹಳೇ ಮೆಕ್ಯಾನಿಕ್ಕುಗಳ ಬಳಿ ಬೋಲ್ಟಿನ ಬಿಗಿಗೆ ಒಂದೇ ಅಳತೆಗೋಲು, ಅವರ ತೋಳು. "ಇನ್ನು ಕಾಲು ಸುತ್ತು ಎಳಿ, ಸಾಕು" ಅಂದರೆ ಮುಗಿಯಿತು. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ಆದರೆ ಒಬ್ಬರ ತೋಳಿನ ಲೆಕ್ಕವನ್ನು ಇನ್ನೊಬ್ಬರಿಗೆ ಬರೆದುಕೊಡಲು ಆಗುವುದಿಲ್ಲವಲ್ಲ! ಟಾರ್ಕ್ ರೆಂಚ್ ಹುಟ್ಟಿದ್ದು ಈ ಕಷ್ಟದಿಂದಲೇ. ಯಾವ ಕೆಲಸಕ್ಕೆ ಯಾವ ರೆಂಚ್ ಎಂದು ಹುಡುಕುತ್ತಾ ಹೊರಟ ನನಗೆ ಅದರ ಚರಿತ್ರೆಯೇ ಹೆಚ್ಚು ಕಲಿಸಿತು.

ಕಥೆ ಶುರುವಾಗುವುದು ನ್ಯೂಯಾರ್ಕಿನ ನೆಲದಡಿಯಲ್ಲಿ. ಅಲ್ಲಿನ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ 1918ರಲ್ಲಿ ಇದನ್ನು ಕಂಡುಹಿಡಿದ ಎನ್ನುತ್ತಾರೆ. ನೀರಿನ ಮತ್ತು ಹಬೆಯ ದೊಡ್ಡ ಕೊಳವೆಗಳನ್ನು ರಿಪೇರಿ ಮಾಡುವಾಗ ಕೆಲಸಗಾರರು ಬೋಲ್ಟುಗಳನ್ನು ಅತಿಯಾಗಿ ಬಿಗಿದುಬಿಡುತ್ತಿದ್ದರು. ಸಡಿಲವಾದರೆ ಸೋರುತ್ತದೆ, ಬಿಗಿ ಜಾಸ್ತಿಯಾದರೆ ಬೋಲ್ಟೇ ಮುರಿಯಬಹುದು. ಇವೆರಡರ ನಡುವಿನ ಜಾಗ ಎಲ್ಲಿದೆ ಎಂದು ಉಪಕರಣವೇ ಹೇಳಬೇಕಿತ್ತು.

ಆಮೇಲೆ ಬಂದದ್ದು ಮೋಟಾರು ಕಾರಿನ ಕಾಲ. ಕ್ರೈಸ್ಲರ್ ಕಂಪನಿಯ ವಾಲ್ಟರ್ ಕ್ರೈಸ್ಲರ್ 1928ರ ಹೊತ್ತಿಗೆ ಒಂದು ಟಾರ್ಕ್ ರೆಂಚಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಅವನಿಂದ ಪರವಾನಗಿ ಪಡೆದ ಪಾಲ್ ಸ್ಟರ್ಟೆವಂಟ್ ಇದನ್ನು ತಯಾರಿಸಿ ಮಾರಿದ, 1938ರಲ್ಲಿ ತನ್ನದೇ ಪೇಟೆಂಟನ್ನೂ ಪಡೆದ. ಬಾರ್ ಕೂಡ ಸುಮ್ಮನಿರಲಿಲ್ಲ. ಜಾರ್ಜ್ ಫೆಫರ್ಲ್ ಜೊತೆ ಸೇರಿ 1935ರಲ್ಲಿ, ಬೇಕಾದ ಬಿಗಿಯನ್ನು ಮೊದಲೇ ಹೊಂದಿಸಿ, ಅದು ಮುಟ್ಟಿದೊಡನೆ ಸದ್ದು ಮಾಡುವ ರೆಂಚಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ.

ಇವತ್ತಿಗೂ ಅಂಗಡಿಯಲ್ಲಿ ಮುಖ್ಯವಾಗಿ ಸಿಗುವುದು ಎರಡು ಜಾತಿ. ಬಾಗುವ ಕಂಬಿಯ ಮುಂದೆ ಮುಳ್ಳು ಓಡುವ ಬೀಮ್ ರೆಂಚ್ ಒಂದು, 'ಟಕ್' ಅನ್ನುವ ಕ್ಲಿಕ್ ರೆಂಚ್ ಇನ್ನೊಂದು. ಮೊದಲನೆಯದರಲ್ಲಿ ಕೆಡುವ ಭಾಗಗಳು ಕಡಿಮೆ, ಆದರೆ ಮುಳ್ಳನ್ನು ನೇರವಾಗಿ ನೋಡುತ್ತಾ ಎಳೆಯಬೇಕು. ಎರಡನೆಯದು ಕಣ್ಣು ಹಾಯದ ಮೂಲೆಗೂ ಸರಿ, ಆದರೆ ಒಳಗಿನ ಸ್ಪ್ರಿಂಗನ್ನು ಆಗಾಗ ಪರೀಕ್ಷಿಸಬೇಕು. ಐಎಸ್‌ಒ 6789 ಎಂಬ ಮಾನದಂಡದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ ಪರೀಕ್ಷೆ ಎಂದಿದೆ.

ಅಳತೆಯ ವ್ಯಾಪ್ತಿಯೂ ಮುಖ್ಯ. ಕಾರಿನ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬೇಕಾದರೆ ಸ್ಪಾರ್ಕ್ ಪ್ಲಗ್ಗಿಗೆ ಅದರ ಕಾಲು ಭಾಗವೇ ಸಾಕಾದೀತು. 40ರಿಂದ 200ರ ರೆಂಚು ಚಕ್ರಕ್ಕೆ ಹೇಳಿ ಮಾಡಿಸಿದ್ದು, ಪ್ಲಗ್ಗಿಗೆ ಅಲ್ಲ. ಒಂದೇ ರೆಂಚಿನಲ್ಲಿ ಎಲ್ಲ ಮಾಡುತ್ತೇನೆ ಅನ್ನುವುದು ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ!

ಸರಿಯಾದ ರೆಂಚ್ ಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ರೆಂಚ್ ಅಳೆಯುವುದು ತಿರುಗಿಸುವ ಬಲವನ್ನು, ಬೋಲ್ಟಿನ ಹಿಡಿತವನ್ನಲ್ಲ. ನಾವು ಹಾಕುವ ಬಲದ ಬಹುಪಾಲು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗುತ್ತದೆ. ಹಿಡಿತಕ್ಕೆ ದಕ್ಕುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು. ಹಾಗಾಗಿಯೇ ಒಣ ಥ್ರೆಡ್ಡಿಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಬಳಸಿದರೆ ಬಿಗಿ ಮಿತಿಮೀರುತ್ತದೆ.

ಈ ಮಾತಿನ ಬೆಲೆ ತಿಳಿದದ್ದು 1990ರ ಜೂನ್ 10ರಂದು. ಬರ್ಮಿಂಗ್‌ಹ್ಯಾಮಿನಿಂದ ಮಲಾಗಾಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂದಿನ ಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ಮೈ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಸಹ ಪೈಲಟ್ ಅಲಿಸ್ಟೇರ್ ಆಚಿಸನ್ ಸೌತಾಂಪ್ಟನ್ನಿನಲ್ಲಿ ವಿಮಾನ ಇಳಿಸಿದರು. 87 ಜನರೂ ಬದುಕಿದರು.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮುಂಚೆ ಕೂರಿಸಿದ್ದರು. ಅದರ 90 ಬೋಲ್ಟುಗಳಲ್ಲಿ 84ರ ದಪ್ಪ ಬೇಕಿದ್ದಕ್ಕಿಂತ ಇಂಚಿನ ಸಾವಿರದ 26 ಭಾಗದಷ್ಟು ಕಡಿಮೆ, ಉಳಿದ 6ರ ಉದ್ದ ಕಡಿಮೆ! ಬಿಗಿ ಮಾಡಿದ್ದು ಬರೀ ಕೈಯ ಅಂದಾಜಿನಲ್ಲಲ್ಲ, ಟಾರ್ಕ್ ಮಿತಿಯಿರುವ ಸ್ಕ್ರೂಡ್ರೈವರಿನಿಂದ. ಮಿತಿ ಮುಟ್ಟಿದಾಗ ಅದು ಜಾರುತ್ತದೆ. ಸಣ್ಣ ಬೋಲ್ಟಿನ ಥ್ರೆಡ್ಡು ನಟ್ಟಿನೊಳಗೆ ಜಾರಿದಾಗಲೂ ಕೈಗೆ ಹಾಗೆಯೇ ಅನ್ನಿಸಿತು.

ಹಾಗಾಗಿ ಯಾರಾದರೂ ಯಾವ ಟಾರ್ಕ್ ರೆಂಚ್ ತಗೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಕೇಳುವುದು, ಯಾವ ಬೋಲ್ಟಿಗೆ? ಅದರ ಸೈಜು, ಕೈಪಿಡಿಯ ಅಂಕಿ, ಎಣ್ಣೆ ಹಚ್ಚಬೇಕೋ ಬೇಡವೋ, ಇಷ್ಟು ಗೊತ್ತಾದರೆ ರೆಂಚ್ ತಾನಾಗಿಯೇ ಗೊತ್ತಾಗುತ್ತದೆ. 'ಟಕ್' ಅನ್ನುವುದಷ್ಟೇ ಅದರ ಕೆಲಸ. ಸರಿಯಾದ ಬೋಲ್ಟಿನ ಮೇಲೆ ಅಂದಿತೋ ಎಂದು ನೋಡುವುದು ನಮ್ಮ ಕೆಲಸ.