ವಿಡಾಲ್ ಟೆಸ್ಟ್ ಗೊತ್ತು, ವಿಡಾಲ್ ಕೊಟ್ಟ ಇನ್ನೊಂದು ಎಚ್ಚರಿಕೆ ಗೊತ್ತಾ?

ಜ್ವರ ಬಿಡದೇ ಇದ್ರೆ ಡಾಕ್ಟರ್ ಬರೆದುಕೊಡೋ ‘ವಿಡಾಲ್ ಟೆಸ್ಟ್’ ಹೆಸರು ನೀವು ಕೇಳಿರ್ತೀರಿ. ಟೈಫಾಯ್ಡ್ ಪತ್ತೆಗೆ 1896ರಲ್ಲಿ ಆ ಪರೀಕ್ಷೆ ಕೊಟ್ಟವರು ಪ್ಯಾರಿಸ್‌ನ ವೈದ್ಯ ಫರ್ನಾಂಡ್ ವಿಡಾಲ್. ನೋವಿನ ಮಾತ್ರೆಯ ಬಗ್ಗೆಯೂ ಅವರು ಒಂದು ಮುಖ್ಯವಾದ ವಿಷಯ ಬರೆದಿಟ್ಟಿದ್ದಾರೆ. ಇವತ್ತಿನ ಕಥೆ ಅದು.

1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಶುದ್ಧ ಆಸ್ಪಿರಿನ್ ತಯಾರಿಸಿದರು. 1899ರಲ್ಲಿ ಅದು ಮಾರುಕಟ್ಟೆಗೆ ಬಂತು. 1902ರ ಹೊತ್ತಿಗೇ ಮಾತ್ರೆ ನುಂಗಿದವರಿಗೆ ಮುಖ ಊದಿ ಪಿತ್ತದ ಗಂಧೆ ಎದ್ದ ವರದಿ ಬಂದಿತ್ತು.

1922ರಲ್ಲಿ ವಿಡಾಲ್ ಮತ್ತು ಸಂಗಡಿಗರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಆಕೆಗೆ ಆಸ್ತಮಾ, ಮೂಗಿನೊಳಗೆ ಪಾಲಿಪ್ ಅನ್ನೋ ಮೆತ್ತನೆಯ ಗಡ್ಡೆ, ಜೊತೆಗೆ ಆಸ್ಪಿರಿನ್ ಆಗದ ಮೈ. ಮೂರೂ ಒಂದಕ್ಕೊಂದು ಸಂಬಂಧಪಟ್ಟವು ಅಂತ ಅವರು ಗುರುತಿಸಿದರು. ಆದರೆ ಫ್ರೆಂಚ್‌ನಲ್ಲಿದ್ದ ಆ ವರದಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ರೋಲಂಡ್ ಬಿಯರ್ಸ್ ಇದನ್ನೇ ವಿವರವಾಗಿ ಬರೆದ ಮೇಲೆ ‘ಸ್ಯಾಮ್ಟರ್ ತ್ರಿಕ’ ಅನ್ನೋ ಹೆಸರು ನಿಂತಿತು.

ಯಾಕೆ ಹೀಗಾಗುತ್ತೆ? 1971ರಲ್ಲಿ ಇಂಗ್ಲೆಂಡ್‌ನ ಜಾನ್ ವೇನ್ ಉತ್ತರದ ದಾರಿ ತೋರಿಸಿದರು. ಆಸ್ಪಿರಿನ್ ತರಹದ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಾಗೋದನ್ನ ತಡೀತವೆ. ನೋವು, ಊತ ಇಳಿಯೋದು ಅದರಿಂದಲೇ. ಕೆಲವರಲ್ಲಿ ಆ ತಡೆ ಬಿದ್ದ ಕೂಡಲೇ ಲ್ಯೂಕೋಟ್ರೈನ್ ಅನ್ನೋ ರಾಸಾಯನಿಕ ಏರಿ, ಶ್ವಾಸನಾಳ ಬಿಗಿಯುತ್ತೆ.

1975ರಲ್ಲಿ ಪೋಲೆಂಡ್‌ನ ಆಂಡ್ರೆ ಶ್ಚೆಕ್ಲಿಕ್ ತಂಡ ಇನ್ನೊಂದು ಕೊಂಡಿ ಜೋಡಿಸಿತು: ಪ್ರೊಸ್ಟಾಗ್ಲಾಂಡಿನ್ ತಡೆಯುವ ಬೇರೆ ಮಾತ್ರೆಗಳೂ ಇಂಥವರಿಗೆ ಉಬ್ಬಸ ತರಿಸುತ್ತವೆ. ಅಂದ್ರೆ, ಆಸ್ಪಿರಿನ್ ಆಗಲ್ಲ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಮುಟ್ಟಿನ ನೋವಿಗೆ ತಗೊಳ್ಳೋ ಮೆಫೆನಾಮಿಕ್ ಆ್ಯಸಿಡ್‌ಗೆ ಬದಲಾಯಿಸಿದರೂ ಅಪಾಯ ತಪ್ಪಲ್ಲ. ಪೆಟ್ಟಿಗೆ ಬೇರೆ, ಕೆಲಸ ಒಂದೇ.

ಹಾಗಾದ್ರೆ ಯಾರು ಹುಷಾರಾಗಿರಬೇಕು? ದೊಡ್ಡವರಾದ ಮೇಲೆ ಆಸ್ತಮಾ ಶುರುವಾದವರು, ಪಾಲಿಪ್ ಇರೋರು, ಸದಾ ಮೂಗು ಕಟ್ಟಿ ವಾಸನೆ ತಿಳಿಯದವರು, ಪದೇ ಪದೇ ಗಂಧೆ ಏಳೋರು, ಹಿಂದೆ ಒಮ್ಮೆ ಮಾತ್ರೆ ಆಗದೇ ಇದ್ದವರು. ಆಸ್ತಮಾ ಇರುವ ವಯಸ್ಕರಲ್ಲಿ ಸುಮಾರು 7% ಜನರಿಗೆ ಈ ತೊಂದರೆ ಇದೆ. ಇನ್ನು ಕೆಲವರಿಗೆ ಆಸ್ತಮಾ ಇಲ್ಲದೇನೂ ಒಂದೇ ಒಂದು ಮಾತ್ರೆಗೆ ಮಾತ್ರ ಅಲರ್ಜಿ ಇರಬಹುದು.

ಇಂಥವರಿಗೆ ಪ್ಯಾರಾಸಿಟಮಾಲ್ ಕಡಿಮೆ ಪ್ರಮಾಣದಲ್ಲಿ ಸಾಮಾನ್ಯವಾಗಿ ಒಗ್ಗುತ್ತೆ, ಆದರೂ ಡಾಕ್ಟರನ್ನ ಕೇಳಿ. ಮಾತ್ರೆ ನುಂಗಿದ ಕೆಲವು ನಿಮಿಷಗಳಿಂದ ಮೂರು ಗಂಟೆಯೊಳಗೆ ಉಸಿರು ಕಟ್ಟಿದರೆ, ತುಟಿ, ಕಣ್ಣು ಊದಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ವಿಡಾಲ್ 1922ರಲ್ಲೇ ಆ ಮಹಿಳೆಗೆ ಚೂರು ಚೂರೇ ಆಸ್ಪಿರಿನ್ ಕೊಟ್ಟು, ಪ್ರಮಾಣ ಏರಿಸುತ್ತಾ ಮೈಗೆ ಒಗ್ಗಿಸಿದ್ದರು. ಈ ಚಿಕಿತ್ಸೆ ಇವತ್ತೂ ಇದೆ, ಆದರೆ ಆಸ್ಪತ್ರೆಯಲ್ಲಿ, ತಜ್ಞರ ಕಣ್ಣೆದುರು ಮಾತ್ರ. ಮನೇಲಿ ಪ್ರಯೋಗ ಬೇಡ.

ನಿಮಗೆ ಆಗದ ಮಾತ್ರೆಯ ಹೆಸರನ್ನ ಫೋನ್‌ನಲ್ಲಿ ಬರೆದಿಡಿ. ಮೆಡಿಕಲ್ ಶಾಪ್‌ನಲ್ಲಿ ‘ನೋವಿಗೆ ಒಂದು ಮಾತ್ರೆ ಕೊಡಿ’ ಅನ್ನೋ ಮೊದಲು ಅದನ್ನ ತೋರಿಸಿ.