ನಲಿ-ಕಲಿ: ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು

ನಮ್ಮಲ್ಲಿ ಬಹಳಷ್ಟು ಜನ ‘ಎಲ್ಲರೂ ಹತ್ತನೇ ಪುಟ ತೆಗೀರಿ’ ಅನ್ನೋ ಕ್ಲಾಸಲ್ಲಿ ಓದಿದವರು. ಅಲ್ಲಿ ನಾಲ್ಕು ದಿನ ತಪ್ಪಿಸಿಕೊಂಡ ಮಗು ಹಿಂದೆ ಬೀಳ್ತಿತ್ತು. ಎಷ್ಟೋ ಮಕ್ಕಳು ಶಾಲೆಯನ್ನೇ ಬಿಡ್ತಿದ್ದರು.

ಇದನ್ನು ಬದಲಿಸೋ ಪ್ರಯತ್ನ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾಯ್ತು. ಯುನಿಸೆಫ್ ನೆರವು ಕೊಟ್ಟಿತು. ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡು ಪದ್ಧತಿ ನೋಡಿ ಬಂದು, ಕನ್ನಡದಲ್ಲಿ ತಾವೇ ಕಾರ್ಡು ಮಾಡಿದರು. ಅದೇ ‘ನಲಿ-ಕಲಿ’.

ಗೋಡೆ ಮೇಲೆ ‘ಕಲಿಕಾ ಏಣಿ’ ಇರುತ್ತೆ. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು, ಕಾರ್ಡು ತಗೊಂಡು, ಅದಕ್ಕೆ ಹೊಂದುವ ಗುಂಪಲ್ಲಿ ಕೂರುತ್ತೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಗೆಳೆಯರದು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಪ್ರತಿ ಮಗುವಿಗೂ ತನ್ನದೇ ಕೆಲಸ ಇರೋದರಿಂದ ಗದರಿಸಿ ಕೂರಿಸೋ ಅಗತ್ಯ ಕಮ್ಮಿ. ಹೊಲಕ್ಕೆ ಹೋಗಿ ವಾರ ಬಿಟ್ಟು ಬಂದ ಮಗುವೂ ಬಿಟ್ಟ ಮೆಟ್ಟಿಲಿಂದಲೇ ಏರಬಹುದು.

2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು. ಆದರೆ ತಾನೇ ಮಾಡಿದ ಕಾರ್ಡಿಗೂ ಮೇಲಿನಿಂದ ಬಂದ ಕಾರ್ಡಿಗೂ ಮೇಷ್ಟ್ರ ಉತ್ಸಾಹ ಒಂದೇ ಥರ ಇರಲ್ಲ.

ಪುಣೆಯಲ್ಲೋ ಹೈದರಾಬಾದಲ್ಲೋ ಮಗುವಿಗೆ ಶಾಲೆ ಹುಡುಕುವಾಗ ಬೋರ್ಡು, ಫೀಸಿನ ಜೊತೆ ಇದನ್ನೂ ಕೇಳಿ: ವಾರ ತಪ್ಪಿಸಿಕೊಂಡ ಮಗು ಇಲ್ಲಿ ಎಲ್ಲಿಂದ ಶುರು ಮಾಡುತ್ತೆ?